ದುಡ್ಡು ಕಟ್ಟಿದ ದುರ್ಯೋಧನನಿಗೆ ಶ್ರುತಿ ಹುಡುಕುವುದು

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ನನ್ನ ಕಸುಬು. ಕರಪತ್ರದಲ್ಲಿ ‘ಸಂಗೀತ ಮತ್ತು ನಿರ್ದೇಶನ’ ಅಂತ ಅಚ್ಚಾಗುತ್ತೆ, ಊರಿನವರ ಬಾಯಲ್ಲಿ ನಾನು ಬರೀ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಶುರುವಾಗಿ, ಯುಗಾದಿ ದಾಟಿ, ಮಳೆ ಹಿಡಿಯುವವರೆಗೂ ಕೈತುಂಬ ಕೆಲಸ. ದಕ್ಷಯಜ್ಞ, ಶನಿಪ್ರಭಾವ, ರಾಮಾಯಣ ಎಲ್ಲವನ್ನೂ ಕಲಿಸಿದ್ದೇನೆ. ಆದರೆ ಹತ್ತು ಊರಿನಲ್ಲಿ ಎಂಟು ಊರಿನವರು ಕೇಳೋದು ಕುರುಕ್ಷೇತ್ರವನ್ನೇ. ಅದರಲ್ಲಿ ಪಾತ್ರ ಜಾಸ್ತಿ. ಪಾತ್ರ ಜಾಸ್ತಿ ಅಂದರೆ ದುಡ್ಡು ಹಾಕುವ ಕೈಯೂ ಜಾಸ್ತಿ.

ಹೌದು, ನಮ್ಮ ಕಡೆ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕಟ್ಟಬೇಕು. ದುರ್ಯೋಧನ, ಕೃಷ್ಣನಿಗೆ ಎಲ್ಲಕ್ಕಿಂತ ಹೆಚ್ಚು. ಆಮೇಲೆ ಕರ್ಣ, ಭೀಮ, ಅರ್ಜುನ, ಶಕುನಿ. ಧರ್ಮರಾಯ, ವಿದುರ, ದ್ರೋಣ ನಡುವಿನಲ್ಲಿ. ನಕುಲ, ಸಹದೇವ, ಸಾತ್ಯಕಿ ಕೊನೆಗೆ. ಪೇಟೆಯ ಕೆಲವರು ಇದನ್ನು ಕೇಳಿ ನಗ್ತಾರೆ. ನಗುವವರು ಒಂದು ಲೆಕ್ಕ ಹಾಕಬೇಕು. ಹಳ್ಳಿ ನಾಟಕಕ್ಕೆ ಟಿಕೆಟ್ಟಿಲ್ಲ, ಗೇಟಿಲ್ಲ. ಸೀನರಿ, ಡ್ರೆಸ್ಸು, ಲೈಟು, ಮೈಕು, ತಬಲ, ಕೀಬೋರ್ಡು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರು, ಕರಪತ್ರ, ನನ್ನ ಸಂಭಾವನೆ, ಇಷ್ಟನ್ನೂ ಯಾರು ಕೊಡಬೇಕು? ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ವೀರಣ್ಣನವರು ಬೆಳೆಸಿ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಯನ್ನೇ ರಂಗದ ಮೇಲೆ ನಡೆಸಿದರು. ಅವರಿಗೆ ಟಿಕೆಟ್ಟಿನ ದುಡ್ಡಿತ್ತು. ನಮ್ಮೂರಿನ ದುರ್ಯೋಧನ ಕಬ್ಬಿನ ಬಿಲ್ಲಿನಲ್ಲಿ ಒಂದು ಪಾಲು ಎತ್ತಿಟ್ಟು ಸಿಂಹಾಸನಕ್ಕೆ ಬಾಡಿಗೆ ಕೊಡ್ತಾನೆ. ನಾಟಕ ಆಡುವವನೂ ಅವನೇ, ಆಡಿಸುವ ಮಾಲೀಕನೂ ಅವನೇ. ಹಾಗಾಗಿ ‘ಈ ಪಾತ್ರಕ್ಕೆ ನೀನು ಬೇಡ’ ಅನ್ನುವ ಅಧಿಕಾರ ನನಗಿಲ್ಲ. ಬಂದವನನ್ನು ಪಾತ್ರಕ್ಕೆ ಹೊಂದಿಸುವುದಷ್ಟೇ ನನ್ನ ಪಾಲಿನ ವಿದ್ಯೆ.

ಪ್ರಾಕ್ಟೀಸಿನ ಮೊದಲ ರಾತ್ರಿ ನಾನು ನಾಟಕದ ಪುಸ್ತಕ ಬಿಚ್ಚುವುದೇ ಇಲ್ಲ. ಗಣಪತಿ ಪೂಜೆ, ಚರುಪು ಹಂಚೋದು ಎಲ್ಲ ಆದಮೇಲೆ ಒಬ್ಬೊಬ್ಬರನ್ನೇ ಪೆಟ್ಟಿಗೆ ಮುಂದೆ ಕೂರಿಸಿಕೊಂಡು, ಅವರಿಗೆ ಬರುವ ಯಾವುದಾದರೂ ಹಾಡು ಹೇಳಿಸ್ತೀನಿ. ದೇವರನಾಮವೋ, ಸೋಬಾನೆಯೋ, ಸಿನಿಮಾ ಹಾಡೋ, ಏನಾದರೂ ಸರಿ. ಹಾರ್ಮೋನಿಯಂ ಮುಟ್ಟದೆ ಸುಮ್ಮನೆ ಕೇಳ್ತೀನಿ. ಶ್ರುತಿ ಕೊಡದೆ ಬಿಟ್ಟರೆ ಮನುಷ್ಯ ತನ್ನ ಗಂಟಲಿಗೆ ಒಗ್ಗುವ ಎತ್ತರದಲ್ಲೇ ಹಾಡು ಎತ್ತಿಕೊಳ್ತಾನೆ. ಆಮೇಲೆ ಆ ಎತ್ತರ ಹಾರ್ಮೋನಿಯಂನ ಯಾವ ಮನೆ, ಅಂದರೆ ಯಾವ ಕೀಲಿ ಅಂತ ಮೆತ್ತಗೆ ಹುಡುಕಿ, ಅದರ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆದುಕೊಳ್ತೀನಿ, ಅಂಕಿ ಏರಿದಷ್ಟೂ ಶ್ರುತಿ ಏರು: ಭೀಮ, ಒಂದು. ಕರ್ಣ, ಒಂದೂವರೆ. ಶಕುನಿ, ಎರಡೂವರೆ. ಗಂಡಸರ ಗಂಟಲು ಹೆಚ್ಚುಕಮ್ಮಿ ಈ ಒಂದರಿಂದ ಎರಡೂವರೆಯ ಒಳಗೇ ಇರುತ್ತೆ.

ತಕರಾರು ಹುಟ್ಟೋದು ಇಲ್ಲೇ. ‘ದುರ್ಯೋಧನ ಅಂದಮೇಲೆ ನಾಲ್ಕು ಶ್ರುತಿಲಿ ಎತ್ತಬೇಕು’ ಅನ್ನೋದು ನಮ್ಮ ಕಡೆ ಒಂದು ಪ್ರತಿಷ್ಠೆ. ಅದು ಬಂದದ್ದು ಕಂಪನಿ ನಾಟಕದಿಂದ. ಆಗ ಮೈಕಿರಲಿಲ್ಲ, ಕಟ್ಟಕಡೆಯಲ್ಲಿ ಕೂತವನಿಗೂ ಮಾತು ಕೇಳಬೇಕಿತ್ತು, ನಟರು ಏರುಶ್ರುತಿಯಲ್ಲೇ ಪಳಗಿದ್ದರು. ಎ.ವಿ. ವರದಾಚಾರ್ಯರಂಥ ಗಾಯಕ ನಟರ ಹಾಡು ಕೇಳಲಿಕ್ಕೇ ಜನ ನಾಟಕಕ್ಕೆ ಹೋಗುತ್ತಿದ್ದ ಕಾಲ ಅದು. ಅವರು ದಿನವೂ ಸಾಧನೆ ಮಾಡುತ್ತಿದ್ದವರು. ನನ್ನ ದುರ್ಯೋಧನ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಗದ್ದೆಗೆ ನೀರು ಕಟ್ಟಿ, ರಾತ್ರಿ ಒಂಬತ್ತಕ್ಕೆ ಊಟ ಮಾಡಿಕೊಂಡು ಪ್ರಾಕ್ಟೀಸಿಗೆ ಬರುವವನು. ನಾಲ್ಕು ಶ್ರುತಿಯಲ್ಲಿ ಅವನು ಒಂದು ಹಾಡು ಹೇಳಬಹುದು. ಎರಡನೆಯದಕ್ಕೆ ಕುತ್ತಿಗೆಯ ನರ ಉಬ್ಬಿಸ್ತಾನೆ, ಮೂರನೆಯದಕ್ಕೆ ಗಂಟಲು ಹೋಗುತ್ತೆ. ಗದಾಯುದ್ಧ ಬರೋದು ಬೆಳಗಿನ ಜಾವಕ್ಕೆ.

ಒಂದೂರಿನಲ್ಲಿ ಒಬ್ಬ ಹುಡುಗ ಹಟ ಹಿಡಿದ. “ಮೇಷ್ಟ್ರೇ, ನಮ್ಮಪ್ಪ ಇದೇ ಪಾರ್ಟು ಮಾಡಿದ್ದ, ದೊಡ್ಡಪ್ಪನೂ ಮಾಡಿದ್ದ. ನಾನು ಶ್ರುತಿ ಇಳ್ಸುದ್ರೆ ಊರೋರು ಏನಂದಾರು?” ನಾನು ಹೇಳಿದೆ: “ಇಳ್ಸಿರೋದು ನಂಗೂ ನಿಂಗೂ ಬಿಟ್ರೆ ಯಾರ್ಗೂ ಗೊತ್ತಾಗಕ್ಕಿಲ್ಲ ಕಣಪ್ಪ. ಪೆಟ್ಟಿಗೆ ನನ್ನ ಕೈಲದೆ.” ಅದು ನಿಜವೂ ಹೌದು. ಪಲ್ಲವಿಯನ್ನು ಕೆಳಗಿನ ಶ್ರುತಿಯಲ್ಲಿ ಇಟ್ಟುಕೊಂಡು, ಚರಣದ ಒಂದೇ ಒಂದು ಸಾಲು ತಾರಸ್ಥಾಯಿ ಮುಟ್ಟುವ ಹಾಗೆ ಮಟ್ಟು ತಿದ್ದಿದರೆ ಸಾಕು. ಜನರಿಗೆ ನೆನಪಿನಲ್ಲಿ ಉಳಿಯೋದು ಆ ಒಂದು ಸಾಲೇ, ಶಿಳ್ಳೆ ಬೀಳೋದೂ ಅಲ್ಲೇ. ಜೊತೆಗೆ ಹಾಡುಗಳನ್ನೂ ಕಡಿಮೆ ಮಾಡ್ತೀನಿ. ಪುಸ್ತಕದಲ್ಲಿರುವ ಕಂದ, ವೃತ್ತ ಅನ್ನುವ ಹಳೇ ಛಂದಸ್ಸಿನ ಪದ್ಯ, ಹಾಡನ್ನೆಲ್ಲ ಹಾಡಿಸಿದರೆ ಮಾರನೇ ಮಧ್ಯಾಹ್ನವಾದರೂ ಕೌರವ ಸಾಯುವುದಿಲ್ಲ. ತಾಳ ಸಿಗದವನಿಗೆ ತಾಳದ ಹಾಡು ತೆಗೆದು ಕಂದವನ್ನೋ ವೃತ್ತವನ್ನೋ ಕೊಡ್ತೀನಿ. ಅದನ್ನು ತಾಳವಿಲ್ಲದೆ ಎಳೆದು ಹಾಡಬಹುದು, ಅವನು ಎಲ್ಲಿ ನಿಂತರೂ ಹಾರ್ಮೋನಿಯಂ ಹಿಡಿದುಕೊಳ್ಳುತ್ತೆ. ತಾಳಕ್ಕೆ ಗಟ್ಟಿ ಇದ್ದು ರಾಗದಲ್ಲಿ ತಟ್ಟಾಡುವವನಿಗೆ ಮೋಹನ, ಮಧ್ಯಮಾವತಿ, ಹಿಂದೋಳದಂಥ ಐದು ಸ್ವರದ ರಾಗಗಳು ಸಲೀಸು. ಕಲ್ಯಾಣಿಯನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ.

ಮಾತು ಕಲಿಸುವುದು ಹಾಡು ಕಲಿಸುವುದಕ್ಕಿಂತ ನಿಧಾನದ ಕೆಲಸ. ಸಂಭಾಷಣೆ ಪೂರ್ತಿ ಹಳೇ ಗ್ರಾಂಥಿಕ ಕನ್ನಡ. ಓದು ಬಾರದ ಪಾತ್ರಧಾರಿಗಳು ಈಗ ಕಮ್ಮಿ, ಆದರೂ ಒಬ್ಬಿಬ್ಬರು ಇದ್ದೇ ಇರ್ತಾರೆ. ನನ್ನ ಅನುಭವದಲ್ಲಿ ಮಾತು ಮರೆಯದವರು ಅವರೇ. ಪುಸ್ತಕದ ಆಸರೆ ಇಲ್ಲದವನು ಕಿವಿಯಲ್ಲಿ ಕೇಳಿದ್ದನ್ನು ಹಾಗೇ ಇಟ್ಟುಕೊಳ್ತಾನೆ, ನನ್ನ ಕೆಮ್ಮಿನ ಸಮೇತ. ಓದಿದವರು ಜೆರಾಕ್ಸ್ ಹಾಳೆ ಕೈಯಲ್ಲಿ ಹಿಡಿದು ‘ಬರ್ತದೆ ಮೇಷ್ಟ್ರೇ, ಬರ್ತದೆ’ ಅನ್ನುತ್ತ ಟ್ರಯಲ್ ದಿನದವರೆಗೂ ಬಂದುಬಿಡ್ತಾರೆ. ಅದಕ್ಕೇ ಹಾಳೆ ಕಿತ್ತುಕೊಳ್ಳುವ ದಿನವನ್ನು ಮೊದಲೇ ಗೊತ್ತು ಮಾಡ್ತೀನಿ. ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದಲು ಹೋಗುವುದಿಲ್ಲ. ಪ್ರತಿಯೊಬ್ಬನ ಪಾರ್ಟಿನಲ್ಲೂ ಪದೇಪದೇ ಬರುವ ಏಳೆಂಟು ಶಬ್ದ ಇರುತ್ತೆ: ಹಸ್ತಿನಾವತಿ, ಭೀಷ್ಮಾಚಾರ್ಯ, ಧರ್ಮಜ, ಧನಂಜಯ, ಇಂಥವು. ಅಷ್ಟು ಖಡಕ್ಕಾಗಿ ಬಂದರೆ ಮಿಕ್ಕದ್ದು ಅದರ ಹಿಂದೆ ಬರುತ್ತೆ. ಬೆಂಗಳೂರಿನಲ್ಲಿ ಆಟೊ ಓಡಿಸಿಕೊಂಡು ಶನಿವಾರ ರಾತ್ರಿ ಮಾತ್ರ ಊರಿಗೆ ಬರುವ ಹುಡುಗರಿಗೆ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸ್ತೀನಿ. ಸಿಗ್ನಲ್ಲಿನಲ್ಲಿ ನಿಂತು ಕರ್ಣನ ಹಾಡು ಹೇಳ್ತಾರಂತೆ. ಅವರದೇ ಗುಂಪುಗಳು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಹಗಲು ಹೊತ್ತು ಕುರುಕ್ಷೇತ್ರ ಆಡೋದೂ ಉಂಟು. ಅಲ್ಲಿ ಹೊತ್ತಿಗೆ ಸರಿಯಾಗಿ ಮುಗಿಸಬೇಕು, ಹಾಲ್ ಬಿಟ್ಟುಕೊಡಬೇಕು. ನನಗೆ ಅದು ಒಗ್ಗುವುದಿಲ್ಲ.

ಪ್ರಾಕ್ಟೀಸ್ ಎಲ್ಲಿ ನಡೆಯಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಹಟಮಾರಿ. ದೇವಸ್ಥಾನದ ಪಡಸಾಲೆ ಅಂದರೆ ಬೇಡ ಅಂತೀನಿ, ಶಾಲೆಯೋ ಸಮುದಾಯ ಭವನವೋ ಆಗಬೇಕು. ಕಾರಣವನ್ನು ಬಾಯಿಬಿಟ್ಟು ಹೇಳೋದಿಲ್ಲ, ಎಲ್ಲರಿಗೂ ಗೊತ್ತಾಗುತ್ತೆ. ಕೇರಿಯವರು ಒಳಗೆ ಬಂದು ಕೂರಲಾಗದ ಜಾಗದಲ್ಲಿ ಅವರಿಂದ ಪಾತ್ರದ ದುಡ್ಡು ಇಸಕೊಳ್ಳುವುದು ಹೇಗೆ? ಈಗ ಎಷ್ಟೋ ಕೇರಿಗಳವರು ತಾವೇ ನಾಟಕ ಕಟ್ಟುತ್ತಾರೆ, ನನ್ನನ್ನೂ ಕರೆಯುತ್ತಾರೆ, ಚೊಕ್ಕವಾಗಿ ಆಡುತ್ತಾರೆ. ಇಡೀ ಊರು ಸೇರಿ ಆಡುವ ಕಡೆ ಮಾತ್ರ ಈ ಮಾತನ್ನು ಮೊದಲ ದಿನವೇ ಮುಗಿಸಿಕೊಳ್ಳಬೇಕು.

ಒಂದೇ ಪಾತ್ರಕ್ಕೆ ಇಬ್ಬರು ದುಡ್ಡು ಕಟ್ಟಲು ನಿಂತರೆ ಪಾತ್ರವನ್ನು ಸೀಳಬೇಕಾಗುತ್ತೆ. ಕರಪತ್ರದಲ್ಲಿ ‘ಒಂದನೇ ಕೃಷ್ಣ, ಎರಡನೇ ಕೃಷ್ಣ’ ಅಂತ ಎರಡು ಫೋಟೊ ನೋಡಿರ್ತೀರಿ. ಎಲ್ಲಿ ಸೀಳಬೇಕು ಅನ್ನೋದಕ್ಕೆ ನನ್ನದೊಂದು ಕ್ರಮ ಇದೆ. ಸಂಧಾನದವರೆಗಿನ ಕೃಷ್ಣ ಮಾತುಗಾರ, ನಗುಮುಖ ಬೇಕು, ಮಾತು ಸರಾಗ ಇರಬೇಕು. ಯುದ್ಧ ಶುರುವಾದ ಮೇಲಿನ ಕೃಷ್ಣನಿಗೆ ಹಾಡು ಹೆಚ್ಚು, ಗೀತೆಯ ಭಾಗ ಇದೆ, ಎತ್ತರದ ಆಳಾದರೆ ಒಳ್ಳೆಯದು. ಮೊದಲು ಬಂದವನಿಗೆ ಮೊದಲನೆಯದು ಅಂತ ಬಿಟ್ಟರೆ ಕೆಟ್ಟಿತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಕೊಳಲು ಹಿಡಿಯುವ ಕೈ, ನಿಲ್ಲುವ ಭಂಗಿ ಒಂದೇ ಥರ ಇರುವ ಹಾಗೆ ಮಾಡಿಸ್ತೀನಿ. ಕಿರೀಟ, ನೀಲಿ ಬಣ್ಣ ಮಿಕ್ಕದ್ದನ್ನು ನೋಡಿಕೊಳ್ಳುತ್ತೆ.

ನಕುಲ ಸಹದೇವರ ಬಗ್ಗೆ ಯಾರೂ ಯೋಚಿಸುವುದಿಲ್ಲ, ನಾನು ಯೋಚಿಸ್ತೀನಿ. ಎರಡು ಮೂರು ತಿಂಗಳು ರಾತ್ರಿ ನಿದ್ದೆ ಕೆಟ್ಟು, ದುಡ್ಡನ್ನೂ ಕೊಟ್ಟು, ಸಿಂಹಾಸನದ ಪಕ್ಕ ಸುಮ್ಮನೆ ನಿಲ್ಲುವವರು ಅವರು. ಅವರ ಮನೆಯವರೂ ಚಾಪೆ ಹಾಸಿ ಮುಂದೆ ಕೂತಿರ್ತಾರೆ. ಪುಸ್ತಕದಲ್ಲಿ ಇಲ್ಲದಿದ್ದರೂ ತಲಾ ಒಂದೊಂದು ಕಂದ ಕೊಡ್ತೀನಿ, ದ್ರೌಪದಿಯ ಮಾನಭಂಗದ ಹೊತ್ತಿಗೆ ಒಂದು ಸಿಟ್ಟಿನ ಮಾತನ್ನೂ ಸೇರಿಸ್ತೀನಿ. ನಾಳೆ ಭೀಮನ ಪಾತ್ರಕ್ಕೆ ಬರುವವನು ಇವನೇ.

ಸ್ತ್ರೀ ಪಾತ್ರಗಳಿಗೆ ಊರ ಹೆಣ್ಣುಮಕ್ಕಳು ಈಗಲೂ ಬರುವುದು ಅಪರೂಪ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಗೆ ವೃತ್ತಿಯ ಕಲಾವಿದೆಯರನ್ನು ಪೇಟೆಯಿಂದ ಕರೆಸುತ್ತೇವೆ. ಅವರು ಟ್ರಯಲ್ಲಿಗೆ ಒಂದು ದಿನ, ನಾಟಕಕ್ಕೆ ಒಂದು ದಿನ ಬರ್ತಾರೆ ಅಷ್ಟೇ. ಅವರ ತಲೆಯಲ್ಲಿ ಕುರುಕ್ಷೇತ್ರದ ಎಲ್ಲ ಪಾಠಗಳೂ ಇರುತ್ತವೆ: ಮಂಡ್ಯ ಕಡೆಯದು, ತುಮಕೂರು ಕಡೆಯದು, ಯಾವ ಮೇಷ್ಟ್ರು ಯಾವ ಹಾಡು ಬಿಡ್ತಾನೆ ಅನ್ನೋದು ಕೂಡ. ಎದುರಿನ ದುಶ್ಶಾಸನ ಮಾತು ನುಂಗಿದರೆ ಅವನ ಮಾತನ್ನೂ ತಾವೇ ಪ್ರಶ್ನೆ ಮಾಡಿ ಹೇಳಿಬಿಡ್ತಾರೆ: “ಏನೆಂದೆ? ನನ್ನ ಮುಡಿಗೆ ಕೈಯಿಕ್ಕುವೆಯಾ?” ಅವನು ಹೂಂ ಅಂದರೆ ಸಾಕು, ಸೀನ್ ನಡೆಯುತ್ತೆ. ಗಂಡಸರು ಕಪ್ ತಗೊಂಡು ಫೋಟೊ ತೆಗೆಸಿಕೊಳ್ಳುವ ಎಷ್ಟೋ ನಾಟಕಗಳನ್ನು ಎತ್ತಿ ನಿಲ್ಲಿಸಿದವರು ಈ ಹೆಂಗಸರು. ಅವರಿಗೆ ಬಾಗಿಲಿರುವ ಪ್ರತ್ಯೇಕ ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಇವೆರಡನ್ನು ವೀಳ್ಯ ಕೊಡುವಾಗಲೇ ಯಜಮಾನರ ಹತ್ತಿರ ಒಪ್ಪಿಸಿಕೊಳ್ತೀನಿ.

ಜೋಡಿ ಹಾಡಿನಲ್ಲಿ ಶ್ರುತಿಯ ತೊಡಕು ಮತ್ತೆ ಬರುತ್ತೆ. ಹೆಂಗಸರದ್ದು ಐದರ ಆಚೀಚೆ, ಗಂಡಸರದ್ದು ಒಂದರ ಆಚೀಚೆ. ಯಾರನ್ನು ಎಳೆದರೂ ಇನ್ನೊಬ್ಬರಿಗೆ ಹಿಂಸೆ. ನಾನು ಮಾಡೋದು ಇಷ್ಟು: ಗಂಡಸಿಗೆ ಒಂದು, ಹೆಂಗಸಿಗೆ ಐದು. ಒಂದರ ಪಂಚಮ, ಅಂದರೆ ‘ಪ’, ಐದರ ಷಡ್ಜ, ಅಂದರೆ ‘ಸ’. ತಬಲವನ್ನು ಆ ಸ್ವರಕ್ಕೆ ಕಟ್ಟಿಸಿದರೆ ಇಬ್ಬರಿಗೂ ಅಪಸ್ವರ ಅನ್ನಿಸುವುದಿಲ್ಲ. ನಡುವೆ ಹಾರ್ಮೋನಿಯಂನಲ್ಲಿ ಸಣ್ಣದೊಂದು ಬಿಜಿಎಂ ನುಡಿಸಿ ಶ್ರುತಿ ದಾಟಿಸಿದರೆ ಆಯ್ತು.

ನಾಟಕದ ರಾತ್ರಿ ನನ್ನ ಕೆಲಸ ಸಂಗೀತಕ್ಕಿಂತ ಟ್ರಾಫಿಕ್ ಪೊಲೀಸಿನದು. ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಪ್ರಾರ್ಥನೆ ಹೇಳೋದೊಂದೇ ನಿರಾಳವಾದ ಸಮಯ. ದುರ್ಯೋಧನ ಪ್ರವೇಶದ ಹಾಡು ಮುಗಿಸಿದನೋ ಇಲ್ಲವೋ, ಮಾವ, ಭಾಮೈದ, ಷಡ್ಡಕ ಎಲ್ಲರೂ ಹಾರ ಹಿಡಿದು ಸ್ಟೇಜ್ ಹತ್ತುತ್ತಾರೆ. ಸೇಬಿನ ಹಾರ, ನೋಟಿನ ಹಾರ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಬೇಕು, ಕೂಗದಿದ್ದರೆ ವರ್ಷಗಟ್ಟಲೆ ಮಾತಿಲ್ಲ ಕತೆಯಿಲ್ಲ. ಇದನ್ನು ತಡೆಯಲು ಹೋದ ಮೇಷ್ಟ್ರುಗಳನ್ನು ನೋಡಿದ್ದೇನೆ, ಆಗುವ ಮಾತಲ್ಲ. ದುಡ್ಡು ಕಟ್ಟಿ ಪಾತ್ರ ಹಿಡಿದವನಿಗೆ ಅವನ ನೆಂಟರು ಸಲ್ಲಿಸುವ ಮುಯ್ಯಿ ಅದು. ನಾನು ಮೊದಲನೇ ಪ್ರವೇಶಕ್ಕೆ ಮಾತ್ರ ಹಾರ, ಆಮೇಲಿಲ್ಲ ಅಂತ ಕರಾರು ಮಾಡಿಕೊಳ್ತೀನಿ. ಪಾತ್ರಧಾರಿಗೂ ಹೇಳಿರ್ತೀನಿ: ಕೈ ಮುಗೀಬೇಡ, ಹಲ್ಲು ಬಿಡಬೇಡ, ಕಪ್ಪ ಕಾಣಿಕೆ ಸ್ವೀಕರಿಸುವ ಕೌರವನ ಹಾಗೆ ಗತ್ತಿನಲ್ಲಿ ನಿಲ್ಲು. ಹಾಗೆ ನಿಂತರೆ ಅದೂ ನಾಟಕದೊಳಗೇ ಸೇರಿಕೊಳ್ಳುತ್ತೆ.

ಎರಡು ಗಂಟೆ ದಾಟಿದ ಮೇಲೆ ಆಯಾಸ ಶುರು. ಸ್ಪಿರಿಟ್ ಗಮ್ ಬೆವರಿಗೆ ಬಿಟ್ಟು ಮೀಸೆ ಒಂದು ಕಡೆ ಜೋತಾಡುತ್ತೆ. ಧೈರ್ಯಕ್ಕೆ ಅಂತ ಒಂದಿಷ್ಟು ಹಾಕಿಕೊಂಡವನ ಧೈರ್ಯ ಇಳಿಯುವ ಹೊತ್ತೂ ಅದೇ. ಭೀಮ ಬಣ್ಣದ ಕೋಣೆಯಲ್ಲಿ ಗದೆ ತಲೆದಿಂಬು ಮಾಡಿಕೊಂಡು ಮಲಗಿರ್ತಾನೆ. ಇದಕ್ಕೆ ನಾಟಕ ಮುಗಿಸಿದ ಪಾತ್ರಧಾರಿಗಳೇ ಮದ್ದು. ಅಭಿಮನ್ಯು ಸತ್ತಮೇಲೆ ಆ ಹುಡುಗನಿಗೆ ಕೆಲಸವಿಲ್ಲವಲ್ಲ, ಅವನಿಗೆ ಮುಂದಿನ ಸೀನಿನವರನ್ನು ಎಬ್ಬಿಸುವ ಡ್ಯೂಟಿ. ಶರಶಯ್ಯೆಯ ಭೀಷ್ಮ ಅಲ್ಲೇ ಗೊರಕೆ ಹೊಡೆಯದ ಹಾಗೆ ಅರ್ಜುನನ ಕಿವಿಯಲ್ಲಿ ಮೊದಲೇ ಹೇಳಿಟ್ಟಿರ್ತೀನಿ: ಬಾಣದಲ್ಲಿ ಗಂಗೆ ತರಿಸಿದ ಮೇಲೆ ನಿಜವಾದ ತಣ್ಣೀರನ್ನೇ ಕುಡಿಸು, ನಾಲ್ಕು ಹನಿ ಮುಖಕ್ಕೂ ಬೀಳಲಿ.

ಗದಾಯುದ್ಧ ಮುಗಿದು ಮಂಗಳ ಹಾಡುವಾಗ ಬೆಳಕಾಗಿರುತ್ತೆ. ಆಗ ನಾನು ಮೊದಲು ಹುಡುಕೋದು ಲೆಕ್ಕ ಇಟ್ಟುಕೊಂಡ ಯಜಮಾನರನ್ನು. ಕಲಾವಿದೆಯರ ದುಡ್ಡು ಎಲ್ಲರಿಗಿಂತ ಮೊದಲು ಕೈಗೆ ಬೀಳಬೇಕು, ಅವರಿಗೆ ಅವತ್ತು ರಾತ್ರಿ ಇನ್ನೆಲ್ಲೋ ದ್ರೌಪದಿ ಇರುತ್ತೆ, ಮೊದಲನೇ ಬಸ್ಸು ಹಿಡಿಯಬೇಕು. ಆಮೇಲೆ ತಬಲದವರು, ಆಮೇಲೆ ನಾನು. ಸೀನರಿಯವರದ್ದು ಕೊನೆಗೆ. ಕಿರೀಟ, ಭುಜಕೀರ್ತಿ, ಬಿಲ್ಲು ಎಲ್ಲ ಎಣಿಸಿ ತೃಪ್ತಿಯಾಗುವವರೆಗೂ ಅವರೇ ಹೊರಡುವುದಿಲ್ಲ, ಪ್ರತಿ ಊರಿನಲ್ಲೂ ಒಂದು ಗದೆ ಕಮ್ಮಿ ಬೀಳುತ್ತೆ, ಅದನ್ನು ಹುಡುಕಲು ಊರ ಹುಡುಗರ ಹಿಂದೆ ಓಡಬೇಕು.