ತೊಗರಿ ಬೇಳೆ ತೂಗಿ ಆರಿಸಿದ ಗೇಮ್ ಕನ್ಸೋಲ್

ಅಣ್ಣ, ವೈನಿ (ಅತ್ತಿಗೆ) ಇಬ್ಬರೂ ಜರ್ಮನಿಯಲ್ಲಿದ್ದಾರೆ. ಅಣ್ಣನಿಗೆ ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸ. ವೈನಿ ಆಸ್ಪತ್ರೆಯಲ್ಲಿ ನರ್ಸ್. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೊಬೈಲ್ ಜೊತೆಗೆ ಗೇಮ್ ಕಂಟ್ರೋಲರ್, ಕೈಯಲ್ಲಿ ಹಿಡಿದು ಆಡುವ ಸಣ್ಣ ಕನ್ಸೋಲ್‌ಗಳೂ ಬರುತ್ತವೆ. ಅದಕ್ಕೇ 2024ರ ಜೂನ್‌ನಲ್ಲಿ ಅಣ್ಣ ಫೋನ್ ಮಾಡಿದ. "ನಮ್ಮಿಬ್ಬರಿಗೂ ಒಂದೊಂದು ಗೇಮ್ ಆಡೋದು ತಗೋಬೇಕಂತ ಮಾಡೀನಿ. ಯಾವುದು ಛಲೋ ಅದ, ನೀನೇ ನೋಡಿ ಹೇಳು" ಅಂದ.

ಅವನ ಮನಸ್ಸಿನಲ್ಲಿ ಆಗಲೇ ಸ್ಟೀಮ್ ಡೆಕ್ ಓಎಲ್ಇಡಿ ಅನ್ನುವ, ಕೈಯಲ್ಲಿ ಹಿಡಿದು ಆಡುವ ದೊಡ್ಡ ಕನ್ಸೋಲ್ ಕೂತಿತ್ತು. ಆಗ ಅಲ್ಲಿ 512 ಜಿಬಿಯದಕ್ಕೆ 569 ಯೂರೊ ಇತ್ತು. ಎರಡು ತಗೊಂಡರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತಿತ್ತು. ಯಂತ್ರ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಡುವವರು ಇಬ್ಬರು, ನಾನು ಮಾತಾಡಿದ್ದು ಒಬ್ಬನ ಹತ್ತಿರ ಮಾತ್ರ. "ಫೋನ್ ವೈನಿಗೆ ಕೊಡು" ಅಂದೆ.

ವೈನಿ ಹೇಳಿದ್ದನ್ನೆಲ್ಲ ಬಿಲ್ ಬುಕ್ ಹಿಂದೆ ಬರೆದುಕೊಂಡೆ. ವಾರದಲ್ಲಿ ಮೂರು ನಾಲ್ಕು ದಿನ ನೈಟ್ ಡ್ಯೂಟಿ. ರೋಗಿಗಳನ್ನು ಎತ್ತಿ ಮಲಗಿಸಿ ಮಣಿಕಟ್ಟು ನೋಯುತ್ತದೆ. ಬೆಳಿಗ್ಗೆ ಟ್ರಾಮ್‌ನಲ್ಲಿ ಮನೆಗೆ ಇಪ್ಪತ್ತೈದು ನಿಮಿಷ. ಆಗ ಫೋನ್ ನೋಡೋಕೆ ಬೇಜಾರು. ಚಿಕ್ಕವರಿದ್ದಾಗ ಹುಮನಾಬಾದಿನ ತವರುಮನೆಯಲ್ಲಿ ಟಿವಿಗೆ ಹಚ್ಚುವ ಕ್ಯಾಸೆಟ್ ಗೇಮ್ ತಮ್ಮನ ಜೊತೆ ಜಗಳಾಡಿಕೊಂಡು ಆಡಿದ್ದರಂತೆ. "ಅಂಥದ್ದು ಒಂದಿದ್ರ ಸಾಕು. ಮತ್ತ ರವಿವಾರ ನಿಮ್ಮಣ್ಣನ ಜೋಡಿ ಕೂತು ಆಡೋ ಹಂಗಿರಬೇಕು" ಅಂದರು. ಪ್ರೊಸೆಸರ್, ರ‍್ಯಾಮ್ ಎಲ್ಲ ಆಮೇಲೆ ನೋಡಿದೆ. ನನ್ನ ಆಯ್ಕೆಗೆ ಬುನಾದಿ ಆಗಿದ್ದು ಈ ಮಾತುಗಳೇ.

ನೋಯುವ ಮಣಿಕಟ್ಟಿಗೆ ಮೊದಲು ತಿಳಿಯೋದು ತೂಕ. ಅದನ್ನು ಜಾಹೀರಾತಿನಲ್ಲಿ ಓದಿದರೆ ಏನೂ ಗೊತ್ತಾಗಲ್ಲ. 640 ಗ್ರಾಂ ಅಂದರೆ ಎಷ್ಟು? ಮನೆಗೆ ಬಂದು ಅಡುಗೆಮನೆಯ ತಕ್ಕಡಿ ಇಳಿಸಿದೆ. ತೊಗರಿ ಬೇಳೆ ಡಬ್ಬ ತೆಗೆದು ನಾಲ್ಕು ಚೀಲ ಕಟ್ಟಿದೆ. 640 ಗ್ರಾಂ ಸ್ಟೀಮ್ ಡೆಕ್ ಓಎಲ್ಇಡಿಗೆ. 420 ಗ್ರಾಂ ನಿಂಟೆಂಡೊ ಸ್ವಿಚ್ ಓಎಲ್ಇಡಿಗೆ. 275 ಗ್ರಾಂ ಸ್ವಿಚ್ ಲೈಟ್‌ಗೆ. 192 ಗ್ರಾಂ ಆನ್‌ಬರ್ನಿಕ್ ಆರ್‌ಜಿ 35 ಎಕ್ಸ್‌ಎಕ್ಸ್ ಎಸ್‌ಪಿಗೆ. ಇದು ಪುಸ್ತಕದ ಹಾಗೆ ಮಡಚುವ ಸಣ್ಣ ಕನ್ಸೋಲ್, ಆ ವರ್ಷದ ಮೇ ತಿಂಗಳಲ್ಲಷ್ಟೇ ಬಂದಿತ್ತು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಯಪ್ಪಾ, ಬ್ಯಾಳಿ ಯಾಕ ತೂಗ್ಲಿಕ್ಹತ್ತೀ? ಯಾರಿಗರ ಕೊಡೋದೇನು?"

"ವೈನಿ ಕೈಗಿ ಎಷ್ಟು ಭಾರ ಆಗ್ತದ ನೋಡ್ಲಿಕ್ಹತ್ತೀನವ್ವಾ" ಅಂದೆ. ಅವ್ವನಿಗೂ ಮಣಿಕಟ್ಟು ನೋವಿದೆ. ಒಂದೊಂದೇ ಚೀಲವನ್ನು ಎರಡೂ ಕೈಯಲ್ಲಿ ಎದೆ ಮಟ್ಟಕ್ಕೆ ಹಿಡಿದು ಕೂತಳು. ದೊಡ್ಡ ಚೀಲವನ್ನು ಹತ್ತು ನಿಮಿಷಕ್ಕೆ ತೊಡೆ ಮೇಲೆ ಇಳಿಸಿದಳು. 420ರದ್ದನ್ನು ಸ್ವಲ್ಪ ಹೊತ್ತು ತಡೆದುಕೊಂಡಳು. ಚಿಕ್ಕದನ್ನು ಹಿಡಿದುಕೊಂಡೇ ಧಾರಾವಾಹಿ ಪೂರ್ತಿ ನೋಡಿದಳು. ಮರುದಿನ ವೈನಿಗೂ ಹೇಳಿದೆ, ಅಲ್ಲಿ ಸಕ್ಕರೆ ತೂಗಿ ಹೀಗೇ ಮಾಡಿ ಅಂತ. ಡ್ಯೂಟಿ ಮುಗಿಸಿ ಬಂದ ಮೇಲೇ ಮಾಡಬೇಕು, ರಜೆ ದಿನ ಬೇಡ ಅಂದಿದ್ದೆ. ಅವರಿಗೆ 420ರದ್ದೂ ಭಾರ ಅನ್ನಿಸಿತು.

ಹಾಗಂತ ಸ್ವಿಚ್ ಓಎಲ್ಇಡಿ ಬಿಡಲಿಲ್ಲ. ಅದನ್ನು ಎತ್ತಿ ಹಿಡಿಯಲೇಬೇಕು ಅಂತಿಲ್ಲವಲ್ಲ. ಎರಡೂ ಪಕ್ಕದಲ್ಲಿರುವ ಬಟನ್ ತುಂಡುಗಳು, ಅಂದರೆ ಜಾಯ್-ಕಾನ್, ಬಿಚ್ಚಿ ಬರುತ್ತವೆ, ಒಂದೊಂದು ಸುಮಾರು 50 ಗ್ರಾಂ ಅಷ್ಟೇ. ಹಿಂದಿರುವ ಅಗಲವಾದ ಸ್ಟ್ಯಾಂಡ್ ತೆರೆದು 7 ಇಂಚಿನ ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿ ಇಬ್ಬರೂ ಒಂದೊಂದು ತುಂಡು ಹಿಡಿದು ಆಡಬಹುದು. ಬೇಕಾದರೆ ಟಿವಿಗೂ ಹಚ್ಚಬಹುದು. ಲೈಟ್‌ನಲ್ಲಿ ಇದು ಎರಡೂ ಇಲ್ಲ, ಜಾಯ್-ಕಾನ್ ಬಿಚ್ಚಲು ಬರಲ್ಲ, ಟಿವಿಗೆ ಹಚ್ಚಲೂ ಆಗಲ್ಲ.

ಹೀಗೆ ತೀರ್ಮಾನ ಆಯಿತು. ಮನೆಗೆ ಒಂದು ಸ್ವಿಚ್ ಓಎಲ್ಇಡಿ. ವೈನಿಯ ಕೋಟಿನ ಜೇಬಿಗೆ ಮಡಚುವ ಎಸ್‌ಪಿ. ಇಬ್ಬರಿಗೂ ಒಂದೇ ಥರದ್ದು ಎರಡು ತಗೊಳ್ಳೋದಕ್ಕಿಂತ ಇದು ಎಷ್ಟೋ ಮೇಲು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಣ್ಣ ಎರಡು ದಿನ ಬೇಜಾರಾಗಿದ್ದ. ಆಮೇಲೆ ವೈನಿ ಸಕ್ಕರೆ ಚೀಲ ಹಿಡಿದ ಫೋಟೋ ತಾನೇ ನನಗೆ ಕಳಿಸಿದ.

ಎಸ್‌ಪಿ ನನಗೆ ಹಿಡಿಸೋಕೆ ಇನ್ನೊಂದು ಕಾರಣ ಇತ್ತು. ಅದರಲ್ಲಿ ಹೆಬ್ಬೆರಳಿನಿಂದ ಎಲ್ಲ ಕಡೆ ವಾಲಿಸುವ ಸಣ್ಣ ಗುಬುಟು, ಅಂದರೆ ಅನಲಾಗ್ ಸ್ಟಿಕ್ ಇಲ್ಲ, ಬರೀ ಬಟನ್. ನನ್ನ ಅಂಗಡಿಗೆ ಬರುವ ಕನ್ಸೋಲ್‌ಗಳಲ್ಲಿ ಜಾಸ್ತಿ ಬರೋದು ಸ್ಟಿಕ್ ಮುಟ್ಟದಿದ್ದರೂ ಆಟದ ಗೊಂಬೆ ತಾನಾಗೇ ಓಡುತ್ತದೆ ಅನ್ನುವ ದೂರಿಗೇ. ಸ್ಟಿಕ್ಕೇ ಇಲ್ಲದಿದ್ದರೆ ಆ ತಲೆನೋವೂ ಇಲ್ಲ. ಮುಚ್ಚಳ ಮುಚ್ಚಿದರೆ ಒಳಗಿನ ಅಯಸ್ಕಾಂತದ ಸ್ವಿಚ್ ಕನ್ಸೋಲನ್ನು ಮಲಗಿಸುತ್ತದೆ. ಟ್ರಾಮ್ ಸ್ಟಾಪ್ ಬಂತು ಅಂದರೆ ಪಟ್ ಅಂತ ಮುಚ್ಚಿ ಇಳಿದರಾಯಿತು. ಪರದೆಗೆ ಗೀರೂ ಬೀಳಲ್ಲ.

ಇಂಥ ಕನ್ಸೋಲ್ ಮಾರುವವರು ಸಾವಿರಾರು ಹಳೇ ಆಟ ತುಂಬಿದ ಮೆಮೊರಿ ಕಾರ್ಡನ್ನೂ ಜೊತೆಗೆ ಕೊಡುತ್ತಾರೆ. ಅವು ಹಕ್ಕಿಲ್ಲದೆ ನಕಲು ಮಾಡಿದ ಆಟಗಳು. ಬೇಡ ಅಂದೆ. ಬರೀ ಸಿಸ್ಟಂ ಇರುವ ಕಾರ್ಡ್ ತರಿಸಿದೆವು. ಹವ್ಯಾಸಕ್ಕೆ ಹೊಸದಾಗಿ ಆಟ ಬರೆದು ತಾವೇ ಹಂಚುವವರು ಈಗ ತುಂಬ ಜನ ಇದ್ದಾರೆ. ಅವರ ಆಟಗಳನ್ನು ಒಳ್ಳೆ ಕಂಪನಿಯ ಕಾರ್ಡಿಗೆ ಹಾಕಿ ಎರಡನೇ ಸ್ಲಾಟ್‌ನಲ್ಲಿ ಇಡಲು ಹೇಳಿದೆ.

ಸ್ವಿಚ್ ಅಲ್ಲೇ ಅಂಗಡಿಯಲ್ಲಿ ಸಿಕ್ಕಿತು. ಎಸ್‌ಪಿ ಚೀನಾದಿಂದ ತರಿಸಬೇಕಿತ್ತು. ನಾನೇ ಇಲ್ಲಿ ತರಿಸಿ, ಪರೀಕ್ಷೆ ಮಾಡಿ ಕಳಿಸೋಣ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಇಂಥವು ಸಿಗುವ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲೇ ನಮ್ಮಲ್ಲಿ ಬಂದ್ ಆಗಿತ್ತು. ಹೇಗೋ ತರಿಸಿದರೂ ಲಿಥಿಯಂ ಬ್ಯಾಟರಿ ಇರುವ ವಸ್ತುವನ್ನು ವಿದೇಶಕ್ಕೆ ಕಳಿಸೋದು ಕಷ್ಟ. ನಾನು ಕೇಳಿದ ಕೊರಿಯರ್‌ನವರು ಆಗಲ್ಲ ಅಂದರು. ಹಾಗಾಗಿ ಅಣ್ಣನೇ ನೇರವಾಗಿ ಆರ್ಡರ್ ಮಾಡಿದ. ಸಾಗಣೆ ಸೇರಿ 75 ಯೂರೊ.

ಯುರೋಪಿನ ಲೆಕ್ಕ ಹೀಗಿದೆ. 150 ಯೂರೊ ಒಳಗಿನ ಪಾರ್ಸೆಲ್‌ಗೆ ಆಗ ಕಸ್ಟಮ್ಸ್ ಸುಂಕ ಇರಲಿಲ್ಲ. ಆದರೆ 2021ರ ಜುಲೈ 1ರಿಂದ ಎಷ್ಟೇ ಸಣ್ಣ ಪಾರ್ಸೆಲ್ ಆದರೂ ವ್ಯಾಟ್ ಕಟ್ಟಬೇಕು. ಜರ್ಮನಿಯಲ್ಲಿ ಅದು 19%. ಮಾರುವವರು ಬಿಲ್‌ನಲ್ಲೇ ವ್ಯಾಟ್ ತಗೊಂಡಿದ್ದರೆ ಪಾರ್ಸೆಲ್ ಸೀದಾ ಮನೆಗೆ ಬರುತ್ತದೆ. ನಮಗೆ ಮಾರಿದವರು ತಗೊಂಡಿರಲಿಲ್ಲ. ಸಾಲದ್ದಕ್ಕೆ, ನಾವು ಕೇಳದೇ ಇದ್ದರೂ ಪಾರ್ಸೆಲ್ ಮೇಲೆ ಉಡುಗೊರೆ ಅಂತ ಬರೆದು ಬೆಲೆ ಕಡಿಮೆ ತೋರಿಸಿದ್ದರು. ಉಡುಗೊರೆಗೆ 45 ಯೂರೊವರೆಗೆ ಮಾಫಿ ಇದೆ, ನಿಜ. ಆದರೆ ಅದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಳಿಸಿದ್ದಕ್ಕೆ ಮಾತ್ರ. ಅಂಗಡಿಯಿಂದ ಬಂದ ಮಾಲಿಗೆ ಅದು ಸಲ್ಲೋದಿಲ್ಲ.

ಪಾರ್ಸೆಲ್ ಕಸ್ಟಮ್ಸ್ ಕಚೇರಿಯಲ್ಲಿ ನಿಂತಿತು. ಅಣ್ಣ ಅರ್ಧ ದಿನ ರಜೆ ಹಾಕಿ ಹೋದ. ಅಧಿಕಾರಿ ಅವನ ಕೈಗೇ ಚಾಕು ಕೊಟ್ಟು, ತನ್ನ ಎದುರಿಗೇ ಬಿಚ್ಚಿಸಿದರಂತೆ. ಯುರೋಪಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅಂತ ತಯಾರಕರು ಹಾಕುವ ಸಿಇ ಗುರುತು ಇದೆಯಾ ಅಂತ ತಿರುಗಿಸಿ ನೋಡಿದರು. ಆ ಗುರುತಿಲ್ಲದ ಎಲೆಕ್ಟ್ರಾನಿಕ್ ವಸ್ತುವನ್ನು ಬಿಡದೆ ಇರಬಹುದು. ಆರ್ಡರ್ ಮಾಡಿದ ದಿನವೇ ಬಿಲ್ ಮತ್ತು ಹಣ ಕಟ್ಟಿದ ದಾಖಲೆ ಪ್ರಿಂಟ್ ತೆಗೆದಿಡು ಅಂತ ನಾನು ಹೇಳಿದ್ದೆ, ಅದು ಕೆಲಸಕ್ಕೆ ಬಂತು. 75 ಯೂರೊಗೆ 19%, ಅಂದರೆ 14 ಯೂರೊ 25 ಸೆಂಟ್ ಕಟ್ಟಿ ತಂದ. ನಿಮ್ಮವರಿಗೆ ತರಿಸುವಾಗ ಮಾರುವವರಿಗೆ ಮೊದಲೇ ಬರೆದು ತಿಳಿಸಿ, ಪೂರ್ತಿ ಬೆಲೆ ಹಾಕಿ, ಉಡುಗೊರೆ ಅಂತ ಬರೆಯಬೇಡಿ ಅಂತ. ನಾವು ಇದನ್ನು ಮೊದಲೇ ಮಾಡಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು.

ಕೇಬಲ್ ಬಗ್ಗೆಯೂ ಹೇಳಬೇಕು. ಕೆಲವು ಅಗ್ಗದ ಕನ್ಸೋಲ್‌ಗಳು ಎರಡೂ ಕಡೆ ಟೈಪ್-ಸಿ ಇರುವ ಕೇಬಲ್‌ಗೆ ಚಾರ್ಜ್ ಆಗಲ್ಲ. ಕೆಟ್ಟಿದೆ ಅಂತ ಅಂಗಡಿಗೆ ತರುತ್ತಾರೆ. ಒಳಗೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿರಲ್ಲ, ಅಷ್ಟೇ. ಆ ರೆಸಿಸ್ಟರ್ ಕಾಣದಿದ್ದರೆ ಟೈಪ್-ಸಿ ಚಾರ್ಜರ್ ಕರೆಂಟ್ ಬಿಡೋದೇ ಇಲ್ಲ. ಒಂದು ಕಡೆ ಹಳೇ ಅಗಲವಾದ ಯುಎಸ್‌ಬಿ (ಟೈಪ್-ಎ) ಇರುವ ಕೇಬಲ್, ಸಾದಾ 5 ವೋಲ್ಟ್ ಚಾರ್ಜರ್ ಹಾಕಿದರೆ ಚಾರ್ಜ್ ಆಗುತ್ತದೆ. ಯಾವ ಕನ್ಸೋಲ್ ಆದರೂ ಅಂಥ ಕೇಬಲ್ ಒಂದು ಮನೆಯಲ್ಲಿರಲಿ ಅಂತ ಅಣ್ಣನಿಗೆ ಹೇಳಿಟ್ಟೆ.

ಡಿಸೆಂಬರ್‌ನಲ್ಲಿ ಇಬ್ಬರೂ ಊರಿಗೆ ಬರುವವರಿದ್ದರು. ನನ್ನ ಮಗನಿಗೆ ಏನು ತರಲಿ ಅಂತ ಕೇಳಿದರು. ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಇಲ್ಲಿ ಸಿಗೋದೆಲ್ಲ ಯಾರೋ ತರಿಸಿದ ಮಾಲು, ಬೆಲೆ ಜಾಸ್ತಿ. ಪಾರ್ಸೆಲ್ ಮಾಡೋದು ಬೇಡ ಅಂದೆ. ಉಡುಗೊರೆ ಅಂತ ಕಳಿಸಿದರೆ 2019ರ ಡಿಸೆಂಬರ್‌ನಿಂದ ನಮ್ಮಲ್ಲಿ ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು ಬೇರೆಯದಕ್ಕೆ ಮಾಫಿ ಇಲ್ಲ. ಕೈಯಲ್ಲೇ ತಂದರೆ 2024ರಲ್ಲಿದ್ದ ನಿಯಮದಂತೆ ಒಬ್ಬೊಬ್ಬರಿಗೆ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ. ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಲೆಕ್ಕ ಹಾಕಲು ಬರಲ್ಲ. ಈ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಬೇಕು.

ಅಣ್ಣನಿಗೆ ಅಲ್ಲೇ ಸೆಕೆಂಡ್ ಹ್ಯಾಂಡ್ ಸ್ವಿಚ್ ಲೈಟ್ ಒಂದು ಸುಮಾರು 11 ಸಾವಿರ ರೂಪಾಯಿಗೆ ಸಿಕ್ಕಿತು. ವರ್ಷಗಟ್ಟಲೆ ಆಡಿದ್ದು, ಎಡಗಡೆ ಸ್ಟಿಕ್ ಸವೆದಿತ್ತು. ಹಾಗೇ ತಗೊಂಡು ಬಾ ಅಂದೆ. ಬ್ಯಾಟರಿ ಇರುವುದನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ, ಪವರ್ ಪೂರ್ತಿ ಆಫ್ ಮಾಡಿ ಅಂತಲೂ ಹೇಳಿದ್ದೆ. ವಿಮಾನದಲ್ಲಿ 100 ವಾಟ್-ಅವರ್‌ವರೆಗಿನ ಬ್ಯಾಟರಿಗೆ ತಕರಾರಿಲ್ಲ. ಎಸ್‌ಪಿಯದು 3300 ಎಂಎಎಚ್, 3.7 ವೋಲ್ಟ್‌ನಿಂದ ಗುಣಿಸಿದರೆ 12 ವಾಟ್-ಅವರ್ ಚಿಲ್ಲರೆ. ಸ್ವಿಚ್‌ನದು 16. ಹೈದರಾಬಾದ್‌ನಲ್ಲಿ ಇಳಿದು ಯಾವ ತೊಂದರೆಯೂ ಇಲ್ಲದೆ ಹೊರಗೆ ಬಂದರು.

ಮರುದಿನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೈಟ್ ಬಿಚ್ಚಿದೆ. ಹಿಂದಿನ ಸ್ಕ್ರೂಗಳ ತಲೆ ಮೂರು ಕವಲಿನದು, ಸಾದಾ ಸ್ಕ್ರೂಡ್ರೈವರ್ ಹಾಕಿದರೆ ಹಾಳಾಗುತ್ತವೆ. ಮೊದಲು ಬ್ಯಾಟರಿ ವೈರ್ ತೆಗೆದೆ. ಹಳೇ ಸ್ಟಿಕ್ಕಿನ ತಗಡು ಎತ್ತಿ, ಮಗನ ಕೈಗೆ ಭೂತಗನ್ನಡಿ ಕೊಟ್ಟೆ. ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಸಣ್ಣ ಲೋಹದ ಕಾಲು. ಕಾಲು ಉಜ್ಜಿ ಉಜ್ಜಿ ಪಟ್ಟಿ ಮಧ್ಯದಲ್ಲಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಕಾಡಿಗೆಯಂಥ ಪುಡಿ. "ಅಪ್ಪಾ, ಇದು ನಮ್ಮ ಎರಿ ಮಣ್ಣಿನ ಧೂಳು ಏನು?" ಅಂದ. ಅಲ್ಲ, ಪಟ್ಟಿಯೇ ಸವೆದು ಬಿದ್ದ ಪುಡಿ ಅಂತ ತೋರಿಸಿದೆ. ಎರಡೂ ಕಡೆ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿದೆ. ಅದರಲ್ಲಿ ಅಯಸ್ಕಾಂತದಿಂದ ಅಳತೆ ಆಗುತ್ತದೆ, ಅಳೆಯುವ ಭಾಗಗಳು ಒಂದಕ್ಕೊಂದು ಉಜ್ಜೋದೇ ಇಲ್ಲ. ಮುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಅಳತೆ ಸರಿ ಮಾಡಿದೆ. ನಮ್ಮ ಮನೆ ನೆಲ ಪರಸಿ ಕಲ್ಲಿನದು, ಬಿದ್ದರೆ ಪರದೆ ಉಳಿಯಲ್ಲ. ಅದಕ್ಕೆ ದಪ್ಪ ಕವರ್ ಹಾಕಿಯೇ ಮಗನಿಗೆ ಕೊಟ್ಟೆ.

ಅಣ್ಣ ಮಾರಿಯೋ ಕಾರ್ಟ್ 8 ಡಿಲಕ್ಸ್ ಕಾರ್ಟ್ರಿಜ್ ಎರಡು ತಂದಿದ್ದ. ಸ್ವಿಚ್ ಕಾರ್ಟ್ರಿಜ್‌ಗೆ ದೇಶದ ಬೀಗ ಇಲ್ಲ, ಅಲ್ಲಿ ಕೊಂಡಿದ್ದು ಇಲ್ಲೂ ನಡೆಯುತ್ತದೆ. ಆನ್‌ಲೈನ್ ಆಡಲು ಸದಸ್ಯತ್ವದ ಹಣ ಬೇರೆ ಕಟ್ಟಬೇಕು. ಈಗ ವೈನಿಗೆ ಡ್ಯೂಟಿ ಇಲ್ಲದ ರವಿವಾರ ಇಲ್ಲಿ ಸಂಜೆ ಏಳೂವರೆ, ಅಲ್ಲಿ ಚಳಿಗಾಲದ ಮಧ್ಯಾಹ್ನ ಮೂರು ಗಂಟೆಗೆ ಕೂಡುತ್ತೇವೆ. ಅವರಿಬ್ಬರೂ ಒಂದೇ ಪರದೆ ಮುಂದೆ ಒಂದೊಂದು ಜಾಯ್-ಕಾನ್ ಹಿಡಿದು, ಇಲ್ಲಿ ನನ್ನ ಮಗ ಲೈಟ್ ಹಿಡಿದು. ಪಕ್ಕದಲ್ಲಿ ಫೋನ್ ಸ್ಪೀಕರ್ ಹಾಕಿಟ್ಟಿರುತ್ತೇವೆ. ಹೋದ ವಾರ ವೈನಿ ಮೊದಲು ಬಂದಾಗ ಅವ್ವ ಆಟ ಬಿಟ್ಟು ಬೇರೆಯದೇ ಕೇಳಿದಳು.

"ಕೈ ನೋಯ್ಲಿಕ್ಹತ್ಯಾವೇನವಾ?"

"ಇಲ್ರೀ ಅತ್ತಿ, ಇವತ್ತ ಏನೂ ನೋವಿಲ್ಲ" ಅಂದರು ವೈನಿ ಆ ಕಡೆಯಿಂದ.