ಜರ್ಮನಿ ಕಡೆ ಲ್ಯಾಬ್ ಕೆಲಸ ಹುಡುಕುವವರಿಗೆ

ಎಂಎಸ್ಸಿ ಮುಗಿಸಿ ಇತ್ತ ನೋಡುವ ನಮ್ಮ ಹುಡುಗ ಹುಡುಗಿಯರು ಮೊದಲು ಕೇಳೋದು, "ಪಿಎಚ್‌ಡಿ ಅಡ್ಮಿಷನ್ ಯಾವಾಗ ಶುರು?" ಅಂತ. ಇಲ್ಲಿ ಬಹುಪಾಲು ಪಿಎಚ್‌ಡಿ ಅಂದರೆ ನೌಕರಿ. ಜಾಹೀರಾತು ವರ್ಷವಿಡೀ ಬರುತ್ತದೆ. ಕೆಲಸ ಹುಡುಕಿದ ಹಾಗೆಯೇ ಹುಡುಕಬೇಕು.

ಅಕಾಡೆಮಿಕ್ಸ್ ಡಾಟ್ ಡಿಇ, ಯುರಾಕ್ಸೆಸ್ ಎಂಬ ಸಂಶೋಧನಾ ಕೆಲಸಗಳ ಜಾಲತಾಣಗಳನ್ನು ನೋಡಿ. ಆದರೆ ಸಂಸ್ಥೆಗಳ ಸ್ವಂತ ಪುಟಗಳನ್ನು ಬಿಡಬೇಡಿ. ಹೈಡೆಲ್‌ಬರ್ಗ್ ಒಂದೇ ಊರಲ್ಲಿ ವಿಶ್ವವಿದ್ಯಾಲಯ, ಕ್ಯಾನ್ಸರ್ ಸಂಶೋಧನೆಯ ಡಿಕೆಎಫ್‌ಝೆಡ್, ಯುರೋಪಿನ ಅಣು ಜೀವವಿಜ್ಞಾನ ಪ್ರಯೋಗಾಲಯ ಇಎಂಬಿಎಲ್ ಎಲ್ಲವೂ ಇವೆ. ಆಸ್ಟ್ರಿಯಾದ ವಿಯೆನ್ನಾ, ಸ್ವಿಟ್ಜರ್ಲೆಂಡಿನ ಬಾಸೆಲ್, ಜ್ಯೂರಿಚ್ ಕೂಡ ಪಟ್ಟಿಯಲ್ಲಿರಲಿ. ಸ್ವಿಸ್ ಸಂಬಳ ಜಾಸ್ತಿ, ಮನೆ ಬಾಡಿಗೆಯೂ ಅಷ್ಟೇ ಜಾಸ್ತಿ. ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳ ಐಎಂಪಿಆರ್‌ಎಸ್ ಎಂಬ ಪಿಎಚ್‌ಡಿ ಶಾಲೆಗಳಿಗೆ ಮಾತ್ರ ಗೊತ್ತಾದ ಕೊನೆ ದಿನಾಂಕ ಇರುತ್ತದೆ. ಗ್ಯೋಟಿಂಗನ್‌ನ ಮಾಲಿಕ್ಯುಲರ್ ಬಯಾಲಜಿ ಶಾಲೆಗೆ ಬರೀ ಬಿಎಸ್ಸಿ ಆದವರೂ ಅರ್ಜಿ ಹಾಕಬಹುದು.

ಜಾಹೀರಾತನ್ನು ಕೊನೆಯ ಸಾಲಿನವರೆಗೆ ಓದಿ. "ಟಿವಿ-ಎಲ್ ಇ13, 65%" ಎಂದಿದ್ದರೆ ಸರ್ಕಾರಿ ವೇತನ ಶ್ರೇಣಿಯ ಶೇ. 65 ಸಂಬಳ. ಲ್ಯಾಬ್‌ನಲ್ಲಿ ಇರಬೇಕಾದ ಹೊತ್ತು ಮಾತ್ರ ಶೇ. 65 ಅಲ್ಲ, ಅದು ಎಲ್ಲರಿಗೂ ಗೊತ್ತು! ಕೆನ್‌ತ್ಸಿಫರ್ ಎಂಬ ಜಾಹೀರಾತಿನ ಗುರುತಿನ ನಂಬರ್ ಕೊಟ್ಟಿದ್ದರೆ ಅದನ್ನು ಮೇಲ್‌ನ ವಿಷಯದ ಸಾಲಿನಲ್ಲಿ ಹಾಕಿ. ಕಾಗದಪತ್ರ ಒಂದೇ ಪಿಡಿಎಫ್ ಆಗಿರಲಿ.

ಪತ್ರದ ಬಗ್ಗೆ ಸ್ವಲ್ಪ ಖಾರವಾಗೇ ಹೇಳ್ತೀನಿ. "ರೆಸ್ಪೆಕ್ಟೆಡ್ ಸರ್" ಎಂದು ಶುರುವಾಗಿ ಐವತ್ತು ಜನರಿಗೆ ಹೋಗುವ ಒಂದೇ ಮೇಲನ್ನು ಯಾರೂ ಓದುವುದಿಲ್ಲ. ಆ ಲ್ಯಾಬ್‌ನ ಇತ್ತೀಚಿನ ಪೇಪರ್ ಓದಿ. ನೀವೇ ಕೈಯಾರೆ ಮಾಡಿದ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆ ಪರೀಕ್ಷೆ), ಸೆಲ್ ಕಲ್ಚರ್ (ಜೀವಕೋಶ ಬೆಳೆಸುವುದು), ಆರ್‌ಎನ್‌ಎ ಡೇಟಾ ಕೆಲಸ ಅಲ್ಲಿಗೆ ಹೇಗೆ ಹೊಂದುತ್ತದೆ ಎಂದು ಐದಾರು ಸಾಲು ಬರೆಯಿರಿ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೋ ಐಐಎಸ್‌ಸಿಯಲ್ಲೋ ಪ್ರಾಜೆಕ್ಟ್ ಮಾಡಿದ್ದರೆ ಅದನ್ನು ಮೊದಲೇ ಹೇಳಿ. ಆ ಹೆಸರುಗಳನ್ನು ಇಲ್ಲಿನ ಪ್ರೊಫೆಸರ್‌ಗಳು ಬಲ್ಲರು.

ಇನ್ನೊಂದು ವಿಷಯ ತುಂಬಾ ಜನರಿಗೆ ತಡವಾಗಿ ತಿಳಿಯುತ್ತದೆ. ಕೆಲಸದ ಒಪ್ಪಂದ ಬೇರೆ, ಪಿಎಚ್‌ಡಿ ನೋಂದಣಿ ಬೇರೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಪದವಿ ಕೊಡುವುದಿಲ್ಲ, ವಿಶ್ವವಿದ್ಯಾಲಯವೇ ಕೊಡಬೇಕು. ನಿಮ್ಮ ಎಂಎಸ್ಸಿಯನ್ನು ಅಲ್ಲಿನ ಫ್ಯಾಕಲ್ಟಿ, ಅಂದರೆ ವಿಭಾಗ, ಒಪ್ಪುತ್ತದೆಯೇ, ಸಿಗುವುದು ಡಾ. ರೆರ್. ನಾಟ್. (ವಿಜ್ಞಾನದ ಡಾಕ್ಟರೇಟ್) ಪದವಿಯೇ, ಸಂದರ್ಶನದಲ್ಲೇ ಕೇಳಿಬಿಡಿ. ಆಸ್ಪತ್ರೆಗೆ ಸೇರಿದ ಲ್ಯಾಬ್ ಆದರೆ ಖಂಡಿತ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸಕ್ಕೆ, ಬರುವವರು ಜರ್ಮನಿಯ ಅವಧಿ ನಿಯಮ ತಿಳಿದಿರಲಿ: ಪಿಎಚ್‌ಡಿ ನಂತರ ಆ ಕಾನೂನಿನಡಿ ತಾತ್ಕಾಲಿಕ ಒಪ್ಪಂದದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ, ವೈದ್ಯಕೀಯದಲ್ಲಿ 9. ಮಕ್ಕಳಿದ್ದರೆ ಸ್ವಲ್ಪ ಹೆಚ್ಚು. ವಿದೇಶಿ ಸಂಶೋಧಕರಿಗೆ ಜರ್ಮನಿ ಕೊಡುವ ಹುಂಬೋಲ್ಟ್ ಫೆಲೋಶಿಪ್ ಬೇಕೆನ್ನುವವರು ಪಿಎಚ್‌ಡಿ ಆದ 4 ವರ್ಷದೊಳಗೆ ಪೋಸ್ಟ್‌ಡಾಕ್ ವಿಭಾಗಕ್ಕೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ನಿಮ್ಮನ್ನು ಕರೆಸಿಕೊಳ್ಳಲು ಒಪ್ಪುವ ಪ್ರೊಫೆಸರ್ ಸಿಗಬೇಕು.

ಜರ್ಮನ್ ಬೇಕಾ? ಲ್ಯಾಬ್ ಮೀಟಿಂಗ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ರೋಗಿಗಳ ಸ್ಯಾಂಪಲ್‌ ಜೊತೆ ಬರುವ ಒಪ್ಪಿಗೆ ಪತ್ರಗಳು, ಇಲಿ ಪ್ರಯೋಗದ ಅನುಮತಿ ಅರ್ಜಿಗಳು ಜರ್ಮನ್‌ನಲ್ಲಿರುತ್ತವೆ. ಅಂಥ ಕೆಲಸವಾದರೆ ವಿಮಾನ ಹತ್ತುವ ಮುಂಚೆಯೇ ಜರ್ಮನ್ ಭಾಷೆಯ ಎ2 (ಎರಡನೇ ಹಂತ) ಮುಗಿಸಿಕೊಳ್ಳಿ.