ಕೆರೆ ಕೆಸರು, ಅಕ್ಕಚ್ಚು ಹಾಕಿ ಕರೆಂಟ್ ಮಾಡುವುದು ಹೇಗೆ

ಕೆರೆ ದಡದಲ್ಲಿ ಒಂದು ಗೇಣು ಅಗೆಯಿರಿ. ಕಪ್ಪಗಿನ, ಕೊಳೆತ ಮೊಟ್ಟೆ ವಾಸನೆಯ ಕೆಸರು ಸಿಕ್ಕರೆ ಅದೇ ಬೇಕಾದದ್ದು. ಗಾಳಿಯಾಡದ ಆ ಜಾಗದಲ್ಲಿ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಕೊಳೆತದ್ದನ್ನು ತಿಂದು, ಉಳಿದ ಎಲೆಕ್ಟ್ರಾನುಗಳನ್ನು ಮಣ್ಣಿನ ಕಬ್ಬಿಣಕ್ಕೆ ದಾಟಿಸುತ್ತವೆ. ಹತ್ತಿರ ಕಾರ್ಬನ್ ಇಟ್ಟರೆ ಅದಕ್ಕೂ ಕೊಡುತ್ತವೆ. ಇಂಧನದಿಂದ ನೇರವಾಗಿ ಕರೆಂಟ್ ತೆಗೆಯುವ ಫ್ಯೂಯೆಲ್ ಸೆಲ್ಲಿನಲ್ಲಿ ಪ್ಲಾಟಿನಂ ಮಾಡುವ ಕ್ಯಾಟಲಿಸ್ಟ್ ಕೆಲಸವನ್ನು, ಅಂದರೆ ಕ್ರಿಯೆಗೆ ವೇಗ ಕೊಡುವ ಕೆಲಸವನ್ನು, ಇಲ್ಲಿ ಜೀವಾಣುಗಳೇ ಮಾಡುತ್ತವೆ. ಬ್ಯಾಕ್ಟೀರಿಯಾದಿಂದ ಕರೆಂಟ್ ಬರುತ್ತದೆ ಎಂದು ಡರ್ಹ್ಯಾಮ್ ವಿಶ್ವವಿದ್ಯಾಲಯದ ಎಂ.ಸಿ. ಪಾಟರ್ 1911ರಲ್ಲೇ ತೋರಿಸಿದ್ದರು.

ಎರಡು ಲೀಟರಿನ ಪ್ಲಾಸ್ಟಿಕ್ ಡಬ್ಬ, ಅಂಗೈ ಅಗಲದ ಎರಡು ಕಾರ್ಬನ್ ಫೆಲ್ಟ್ (ಕಾರ್ಬನ್ ನಾರಿನ ದಪ್ಪ ಬಟ್ಟೆ) ತುಂಡು, ತುಕ್ಕು ಹಿಡಿಯದ ಸ್ಟೀಲ್ ತಂತಿ, 1000 ಓಮ್ ರೆಸಿಸ್ಟರ್, ಮಲ್ಟಿಮೀಟರ್ ತನ್ನಿ. ಕೈಗೆ ಗ್ಲೌಸ್ ಇರಲಿ. ಫ್ಯಾಕ್ಟರಿ ನೀರು ಸೇರುವ ಕಡೆಯ ಕೆಸರು ಬೇಡವೇ ಬೇಡ.

ಮೊದಲು ಎರಡೂ ಫೆಲ್ಟಿಗೆ ಒಂದೊಂದು ತಂತಿ ಪೋಣಿಸಿ. ತಳಕ್ಕೆ ಎರಡು ಬೆರಳು ಕೆಸರು, ಮೇಲೆ ಒಂದು ಫೆಲ್ಟ್, ಗುಳ್ಳೆ ಉಳಿಯದ ಹಾಗೆ ಒತ್ತಿ ಮತ್ತೆ ನಾಲ್ಕು ಬೆರಳು ಕೆಸರು, ಅದರ ಮೇಲೆ ಸ್ವಲ್ಪ ನೀರು. ಇನ್ನೊಂದು ಫೆಲ್ಟ್ ನೀರಿನ ಮೇಲಿರಲಿ. ಕೆಳಭಾಗ ನೆನೆದಿರಬೇಕು, ಮೇಲ್ಭಾಗಕ್ಕೆ ಗಾಳಿ ಬೇಕು, ಏಕೆಂದರೆ ಅಲ್ಲಿ ಆಮ್ಲಜನಕವೇ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುವುದು. ಅಡಿಯಿಂದ ಬರುವ ತಂತಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಎರಡೂ ತಂತಿಯ ನಡುವೆ ರೆಸಿಸ್ಟರ್ ಸೇರಿಸಿ. ಮುಚ್ಚಳ ಬಿಗಿ ಮಾಡಬೇಡಿ.

ತಾಮ್ರ ಮಾತ್ರ ಕೆಸರಿಗೆ ತಾಗಬಾರದು. ನಾನು ಮೊದಲ ಸಲ ತಾಮ್ರದ ತಂತಿಯನ್ನೇ ಸುತ್ತಿದ್ದೆ, ಮೊದಲ ದಿನವೇ ಮೀಟರ್ ಏರಿತು, ಎಷ್ಟು ಖುಷಿ! ವಾರ ಬಿಟ್ಟು ಬಿಚ್ಚಿ ನೋಡಿದರೆ ತಂತಿ ಕಪ್ಪಾಗಿ ಸವೆದಿತ್ತು. ಅದು ಲೋಹ ಸವೆದು ಬಂದ ಕರೆಂಟ್, ಅಲ್ವಾ? ಮೊಳೆ, ತಾಮ್ರ ಚುಚ್ಚಿ ತೋರಿಸುವ ಎಷ್ಟೋ ವಿಡಿಯೋಗಳಲ್ಲೂ ಇದೇ ಕತೆ. ಅನುಮಾನ ಬಂದರೆ ಅದೇ ಕೆಸರನ್ನು ಚೆನ್ನಾಗಿ ಕುದಿಸಿ ಇನ್ನೊಂದು ಡಬ್ಬ ಮಾಡಿ. ಮೊದಲ ಕೆಲವು ದಿನ ಕುದಿಸಿದ್ದು ಸುಮ್ನೆ ಇದ್ದು, ಕುದಿಸದ್ದು ದಿನೇದಿನೇ ಏರುತ್ತಿದ್ದರೆ ಅದು ಜೀವಾಣುಗಳದ್ದೇ ಕೆಲಸ.

ಒಂದೆರಡು ವಾರ ಕಾಯಿರಿ. ಮೂರು ದಿನಕ್ಕೊಮ್ಮೆ ಕಾಲು ಲೋಟ ಅಕ್ಕಚ್ಚನ್ನು ಸಣ್ಣ ಕೊಳವೆಯಲ್ಲಿ ಅಡಿಯ ಫೆಲ್ಟ್‌ವರೆಗೆ ಬಿಡಿ. ಜಾಸ್ತಿ ಹಾಕಿದರೆ ಹುಳಿಯಾಗುತ್ತದೆ.

ರೆಸಿಸ್ಟರ್ ಮೇಲೆ 0.3 ವೋಲ್ಟ್ ಕಂಡರೆ ಸಿಗುವುದು 0.09 ಮಿಲಿವ್ಯಾಟ್. ಎಲ್‌ಇಡಿ ನೇರವಾಗಿ ಉರಿಯುವುದಿಲ್ಲ. ಆದರೆ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕೊಳಚೆಗೆ ಗಾಳಿ ಊದಲು ಬ್ಲೋವರ್‌ಗಳು ಎಷ್ಟು ಕರೆಂಟ್ ತಿನ್ನುತ್ತವೆ ನೋಡಿ. ಈ ಬ್ಯಾಕ್ಟೀರಿಯಾ ಆ ಊದುವ ಗಾಳಿಯನ್ನೂ ಕೇಳದೆ ಕೊಳೆ ತಿಂದು, ಮೇಲಿಂದ ಒಂದಿಷ್ಟು ಕರೆಂಟನ್ನೂ ಕೊಡುತ್ತವೆ. ನನಗೆ ಇದರಲ್ಲಿ ಇಷ್ಟವಾದದ್ದೇ ಅದು. ಡಬ್ಬದ ನೀರು ಕುಡಿಯಲು, ತೊಳೆಯಲು ಬರುವುದಿಲ್ಲ.

ವೋಲ್ಟೇಜ್ ದಿಢೀರ್ ಇಳಿದರೆ ಮೊದಲು ಮೇಲಿನ ಫೆಲ್ಟ್ ಮುಟ್ಟಿ ನೋಡಿ. ಒಣಗಿದ್ದರೆ ನೀರು ಹಾಕಿ, ಮುಳುಗಿದ್ದರೆ ನೀರು ತೆಗೆಯಿರಿ.